ನಳಿಕೆಗೆ ಅಂಟಿದ ಔಷಧ

ಅಮ್ಮಾ,

ಫೋನಿನಲ್ಲಾದರೆ ನೀನು ಮಾತು ತೇಲಿಸಿಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ತಿಂಗಳು ಕುಣಿದಾಡಿ ತಿಳಿಸಿದ ಸುದ್ದಿ ಸುಳ್ಳಾಯಿತು. ನಿನ್ನ ಬೆರಳ ಗೆಣ್ಣುಗಳು ಊದಿಕೊಳ್ಳುತ್ತವಲ್ಲ, ಆ ಉರಿಗೆ ತುಪ್ಪ ಸುರಿಯುವ ಒಂದು ಬಗೆಯ ಕೊಬ್ಬನ್ನು ನಾವು ಲ್ಯಾಬಿನಲ್ಲಿ ಕಟ್ಟಿದ ಪುಟ್ಟ ಪೆಪ್ಟೈಡ್, ಅಂದರೆ ಪ್ರೋಟೀನಿನ ತುಣುಕು, ಹಿಡಿದು ಕಟ್ಟಿಹಾಕಿತು ಎಂದಿದ್ದೆ. ಅದು ಅಂಟಿದ್ದು ಕೊಬ್ಬಿಗಲ್ಲ, ಪ್ಲಾಸ್ಟಿಕ್ ನಳಿಕೆಯ ಗೋಡೆಗೆ. ಕೊಬ್ಬು ಹಾಕದ ನಳಿಕೆಯಲ್ಲೂ ಒಮ್ಮೆ ನೋಡಬೇಕಿತ್ತು, ಆತುರಪಟ್ಟೆ. "ಪ್ಲಾಸ್ಟಿಕ್ ಡಬ್ಬಿಗೆ ಎಣ್ಣೆ ಹಾಕ್ಬೇಡ ಕಣೇ, ಜಿಡ್ಡು ಜನ್ಮಕ್ಕೂ ಬಿಡಲ್ಲ" ಅಂತ ನೀನು ನೂರು ಸಲ ಹೇಳಿದ್ದೆ. ಈಗ ಗಾಜಿನಲ್ಲಿ ಮೊದಲಿನಿಂದ ಶುರು ಮಾಡಿದ್ದೇವೆ. ಕೊಬ್ಬಿಗೆ ಅಂಟುತ್ತದೆ, ಆದರೆ ಅರೆಮನಸ್ಸಿನಿಂದ. ಔಷಧವಾಗಲು ವರ್ಷಗಳೇ ಬೇಕು.

ಆದ್ದರಿಂದ ಹಳೆಯ ಮಾತ್ರೆ ಮತ್ತೆ ಶುರು ಮಾಡು. "ಮಗಳ ಔಷಧಿ ಬರ್ತಿದೆ, ಇವೆಲ್ಲ ಯಾಕೆ?" ಅಂತ ಬಿಟ್ಟೆಯಂತೆ, ಚಿಕ್ಕಮ್ಮ ಹೇಳಿದಳು. ಅದನ್ನು ಕೇಳಿದ ಮೇಲೆ ಮೂರು ದಿನ ನನಗೆ ಊಟ ಸೇರಲಿಲ್ಲ. ನಿನ್ನೆ ಅವಳು ಇನ್ನೊಂದು ಮಾತು ಹೇಳಿದಳು. ಆ ಮಾತ್ರೆಯ ಬಾಟಲಿ ತಂದದ್ದು ನನ್ನ ಸುದ್ದಿ ಬರುವುದಕ್ಕೂ ಮುಂಚೆ. ಅದರ ಸೀಲ್ ಒಡೆದೇ ಇಲ್ಲ. ಮುಚ್ಚಳದ ತುಂಬ ಹಲ್ಲಿನ ಗುರುತು.

ಮಾತ್ರೆಗಳನ್ನು ಅಗಲ ಬಾಯಿಯ ಡಬ್ಬಿಗೆ ಹಾಕಿ, ಮುಚ್ಚಳ ಸಡಿಲವಾಗಿಯೇ ಇಡಲು ಅವಳಿಗೆ ಹೇಳಿದ್ದೇನೆ. ಅವಳ ಮೇಲೆ ರೇಗಬೇಡ.

ಉತ್ತರ ನೀನೇ ಬರೆಯಲು ಹೋಗಬೇಡ. ಹೇಳಿ ಬರೆಸು.

ನಿನ್ನ ಆತುರಗೇಡಿ ಮಗಳು