ಆಷಾಢದಲ್ಲೇ ಶ್ರಾವಣ ಕಂಡ ಕಂಪ್ಯೂಟರ್

ಗಂಗಾವತಿ
ಬುಧವಾರ, ೧೫ ಜುಲೈ ೨೦೦೯

ದೀಪಿಕಾಳ ಅಪ್ಪನಿಗೆ, ಕವಿತಾಳ ಪ್ರೀತಿಯ ನಮಸ್ಕಾರ.

ಆರೋಗ್ಯ ಹೇಗಿದೆ? ಜಮ್ಮುವಿನ ಸೆಕೆಗೆ ಬೆನ್ನ ಮೇಲೆ ಬೆವರುಸಾಲೆ ಎದ್ದಿದೆ ಅಂದಿದ್ದಿರಿ, ಕಡಿಮೆಯಾಯಿತೇ? ಇಲ್ಲಿ ಎಲ್ಲರೂ ಕ್ಷೇಮ. ದೀಪಿಕಾ ಈಗ ಅಳದೆ ಬಾಲವಾಡಿಗೆ ಹೋಗುತ್ತಾಳೆ. ಮಾವನವರ ಮೊಣಕಾಲು ನೋವು ಹಾಗೇ ಇದೆ. ಆದರೂ ಕಟ್ಟೆಯ ಮೇಲೆ ಕೂತು ಓಣಿಯವರಿಗೆ ಪಂಚಾಂಗ ನೋಡಿ ದಿನ ಹೇಳುವುದು ನಿಂತಿಲ್ಲ. ಮೊನ್ನೆ ಕಾರಟಗಿಯಿಂದಲೂ ಒಬ್ಬರು ಬಂದು ಬೋರ್ ಹೊಡೆಸಲು ದಿನ ಕೇಳಿಕೊಂಡು ಹೋದರು. ಆವತ್ತು ಎರಡು ರೊಟ್ಟಿ ಹೆಚ್ಚೇ ತಿಂದರು.

ಭಾನುವಾರ ನಿಮ್ಮ ಫೋನು ಬರುವ ತನಕ ತಡೆಯಲಾಗದೆ ಬರೆಯುತ್ತಿದ್ದೇನೆ. ಎರಡು ದಿನದಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಬೆಳಿಗ್ಗೆ ಒಲೆಯ ಮೇಲೆ ಹಾಲಿಟ್ಟು ಮರೆತೆ. ಪೇಪರನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದೆ, ಒಂದು ಸುದ್ದಿಯೂ ನೆನಪಿಲ್ಲ.

ಗಾದಿ ತುಂಬುವ ಶಾಮೀದಸಾಬರ ಮಗಳು ಅಫ್ರೋಜ ನಿಮಗೆ ಗೊತ್ತು. ಕೊಪ್ಪಳದಲ್ಲಿ ಬಿಸಿಎ ಓದುತ್ತಾಳೆ, ಸಂಜೆ ನನ್ನ ಹತ್ತಿರ ಜಾವಾ ಕಲಿಯಲು ಬರುತ್ತಾಳೆ. ಹೊಸಬರ ತೊಂದರೆಗಳೆಲ್ಲ ಒಂದೇ ತರಹ. ಜಾವಾ ಹಾಕಿರುತ್ತಾರೆ, ಅದು ಎಲ್ಲಿದೆ ಎಂದು ಯಂತ್ರಕ್ಕೆ ಹೇಳಿರುವುದಿಲ್ಲ. ನೋಟ್‌ಪ್ಯಾಡು ಫೈಲಿನ ಹೆಸರಿಗೆ ಬಾಲ ಅಂಟಿಸಿರುತ್ತದೆ, ಇವರು ನೋಡಿರುವುದಿಲ್ಲ. ಇಂಥವನ್ನು ನಾನು ಪಲ್ಯ ಹೆಚ್ಚುತ್ತಲೇ ಸರಿ ಮಾಡಿಸುತ್ತೇನೆ. ಅಫ್ರೋಜಳದು ಹಾಗಲ್ಲ.

ಕಾಲೇಜಿನಲ್ಲಿ ಅವರಿಗೆ ಒಂದು ಪ್ರೋಗ್ರಾಂ ಕೊಟ್ಟಿದ್ದರು: ವಿದ್ಯಾರ್ಥಿಯ ಹೆಸರು, ಅಂಕ, ಒಟ್ಟು ತೋರಿಸಬೇಕು. ಮನೆಗೆ ಹೊಸ ಕಂಪ್ಯೂಟರ್ ಬಂದ ದಿನ ನನ್ನ ಹತ್ತಿರವೇ ಕಲಿಯುವ ಅಯ್ಯಪ್ಪ ಎಂಬ ಹುಡುಗನಿಂದ ಅದರ ಮೇಲೆ ಒಂದು ಮಾದರಿ ಬರೆಸಿದ್ದೆ. ಆತ ತನ್ನದೇ ಹೆಸರು, ಅಂಕ ಹಾಕಿದ್ದ. ಅದನ್ನೇ ತಿದ್ದಿ ಬೆಳೆಸು ಎಂದು ಅಫ್ರೋಜಳಿಗೆ ಹೇಳಿದವಳು ನಾನು. ಅವಳು ತನ್ನ ಹೆಸರು, ಅಂಕ ಹಾಕಿದಳು. ತಪ್ಪು ಒಂದೂ ಬರಲಿಲ್ಲ. ಕರೆಂಟು ಹೋಗುವ ಹೊತ್ತಾಗಿತ್ತು, ನಡೆಸಿ ನೋಡದೆ ಪೆನ್‌ಡ್ರೈವಿಗೆ ಹಾಕಿಕೊಂಡು ಓಡಿದಳು. ಸೋಮವಾರ ಕಾಲೇಜಿನ ಸರ್ ಅದನ್ನು ನಡೆಸಿದರೆ ಪರದೆಯ ಮೇಲೆ ಬಂದದ್ದು ಅಯ್ಯಪ್ಪನ ಹೆಸರು, ಅಯ್ಯಪ್ಪನ ಅಂಕ!

ಎಲ್ಲರ ಮುಂದೆ ಕದ್ದ ಮಾಲು ಅಂದರಂತೆ. ಶುಕ್ರವಾರದ ಇಂಟರ್ನಲ್ ಪರೀಕ್ಷೆಗೆ ಕೂರಿಸುವುದಿಲ್ಲವಂತೆ. ಅಲ್ಲಿಗೆ ಈ ಸೆಮಿಸ್ಟರ್ ಹೋದಂತೆಯೇ. ಶಾಮೀದಸಾಬರು ತಲೆಗೂದಲಿನ ಮೇಲಿನ ಅರಳೆಯನ್ನೂ ಕೊಡವದೆ ಬಂದು ನಿಂತರು. “ಅಕ್ಕಾರ, ನಮ್ಮ ಹುಡುಗಿ ದಡ್ಡಿ ಇದ್ರ ಇರ್ಲಿ, ಕಳ್ಳಿ ಅಲ್ರಿ” ಅಂದರು.

ನಿನ್ನೆಯಿಡೀ ಹುಡುಕಿ ಕಾರಣ ಕಂಡುಹಿಡಿದೆ. ನಾವು ಬರೆದದ್ದನ್ನು ಜಾವಾ ನೇರವಾಗಿ ನಡೆಸುವುದಿಲ್ಲ, ಅದರಿಂದ ಇನ್ನೊಂದು ಫೈಲು ತಯಾರಿಸಿಕೊಳ್ಳುತ್ತದೆ. ಹೆಸರು, ಅಂಕಗಳಂತೆ ಬೇರೆ ಫೈಲಿನಲ್ಲಿಟ್ಟದ್ದಾದರೆ, ಮತ್ತೆ ತಯಾರಿಸಬೇಕೋ ಬೇಡವೋ ಎಂದು ಎರಡರ ತಾರೀಖು ನೋಡುತ್ತದೆ. ಅಯ್ಯಪ್ಪನ ಫೈಲಿನ ತಾರೀಖು ಜುಲೈ ೨೭. ಆ ದಿನ ಇನ್ನೂ ಬಂದೇ ಇಲ್ಲ! ಹಾಗಾಗಿ ಅಫ್ರೋಜ ಮೊನ್ನೆ ತಿದ್ದಿದ್ದು ಯಂತ್ರದ ಲೆಕ್ಕಕ್ಕೆ ಹಳೆಯದು. ಅಯ್ಯಪ್ಪನದೇ ಹೊಸದೆಂದು ಅದನ್ನೇ ಇಟ್ಟುಕೊಂಡಿದೆ.

ಯಂತ್ರ ಜೋಡಿಸಿದ ಅಂಗಡಿಯ ಹುಲಿಗೆಪ್ಪನಿಗೆ ಫೋನು ಮಾಡಿದೆ. ಬಿದ್ದು ಬಿದ್ದು ನಕ್ಕ. ಮಾವನವರ ಪ್ರಕಾರ ಆಷಾಢದಲ್ಲಿ ಹೊಸ ಯಂತ್ರ ಶುರು ಮಾಡಬಾರದು, ಹುಲಿಗೆಪ್ಪನಿಗೋ ಮತ್ತೆ ಬರಲು ಪುರಸೊತ್ತಿಲ್ಲ. ಅದಕ್ಕೆ ಮಾವನವರು ನಾನು ಚಹಾ ಮಾಡಲು ಒಳಗೆ ಹೋದಾಗ, “ಅದಕ್ಕ ಶ್ರಾವಣ ಸೋಮವಾರ ಅಂತ ತೋರ್ಸಪಾ, ಆಷಾಢ ಅಂತ ಗೊತ್ತಾಗೋದು ಬ್ಯಾಡ” ಅಂದರಂತೆ. ಮರುದಿನ ತಾರೀಖು ತಪ್ಪಾಗಿದ್ದು ಕಂಡು, ಬ್ಯಾಟರಿ ಸರಿಯಿಲ್ಲವೇನೋ ಎಂದು ನಾನೇ ಸರಿಪಡಿಸಿದ್ದೆ.

ನಾಳೆ ಮೊದಲ ಬಸ್ಸಿಗೆ ಅಫ್ರೋಜಳ ಜೊತೆ ಕೊಪ್ಪಳಕ್ಕೆ ಹೋಗುತ್ತೇನೆ. ಹಳೆಯ ಫೈಲು ಅಳಿಸಿ ನಡೆಸಿ ತೋರಿಸಬಹುದು. ಆದರೆ ಆ ತಾರೀಖು ಎಲ್ಲಿಂದ ಬಂತು ಎಂದು ಸರ್ ಕೇಳಿಯೇ ಕೇಳುತ್ತಾರೆ. ಮಾವನವರ ಹೆಸರು ಹೇಳಿದರೆ, ದಿನ ಕೇಳಲು ಬರುವ ಓಣಿಯೇ ಅವರನ್ನು ನೋಡಿ ನಗುತ್ತದೆ. ಹೇಳದಿದ್ದರೆ ನಾನು ಹುಡುಗಿಯ ಪರ ಕಥೆ ಕಟ್ಟುತ್ತಿದ್ದೇನೆ ಅನ್ನುತ್ತಾರೆ. ಮಾವನವರ ಮುಂದೆ ಇನ್ನೂ ಬಾಯಿ ಬಿಟ್ಟಿಲ್ಲ. ಚಹಾ ಕೊಡಲು ಹೋದಾಗೆಲ್ಲ ಹೇಳಬೇಕೆಂದುಕೊಂಡು, ಬರೀ ಕಪ್ಪು ಇಟ್ಟು ಬರುತ್ತೇನೆ. ನೀವು ಹತ್ತಿರವಿದ್ದರೆ ಏನನ್ನುತ್ತಿದ್ದಿರಿ? ನಿಮ್ಮ ಉತ್ತರ ಬರುವಷ್ಟರಲ್ಲಿ ಶುಕ್ರವಾರ ಕಳೆದಿರುತ್ತದೆ.

ಹೊತ್ತಿಗೆ ಸರಿಯಾಗಿ ಊಟ ಮಾಡಿ, ಬಿಸಿಲಲ್ಲಿ ತಲೆಗೆ ಏನಾದರೂ ಸುತ್ತಿಕೊಳ್ಳಿ. ದೀಪಿಕಾ ನಿಮ್ಮ ಫೋಟೋಗೆ ಮುತ್ತು ಕೊಟ್ಟು ಗಾಜೆಲ್ಲ ಜೊಲ್ಲು ಮಾಡಿದ್ದಾಳೆ. ಅದು ನಿಮ್ಮದೇ.

ಇಂತಿ ನಿಮ್ಮ
ಕವಿತಾ

ತಾ.ಕ.: ಗುರುವಾರ, ಕೊಪ್ಪಳ ಬಸ್‌ಸ್ಟ್ಯಾಂಡಿನಲ್ಲಿ ಕೂತು ಬರೆಯುತ್ತಿದ್ದೇನೆ, ಬಸ್ಸು ಬಂದೇಬಿಡುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಮಾವನವರು ಒಗೆದ ಧೋತರ ಉಟ್ಟು ಕೊಡೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. “ಹುಲಿಗೆಪ್ಪನ ಕೂಡ ಮಾತಾಡಿದ್ದು ಕೇಳಿಸ್ತಬೇ ಯವ್ವಾ. ನಡಿ” ಅಂದರು. ಕಾಲೇಜಿನಲ್ಲಿ ನಾನು ಬಾಯಿ ತೆರೆಯುವ ಮೊದಲೇ, “ಸರ, ಈ ಹುಡುಗಿ ಏನೂ ಕದ್ದಿಲ್ರಿ. ತಾರೀಖು ಕದ್ದಾಂವ ನಾನು. ಮಿಷನ್ನಿಗೆ ಸುಳ್ಳು ಹೇಳ್ಸಿದೆ, ಪಾಪ ಅದು ನಂಬ್ತು” ಅಂದರು. ನಮ್ಮ ಓಣಿಯ ಹುಡುಗನೊಬ್ಬ ಅಲ್ಲೇ ನಿಂತು ನಕ್ಕ, ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಸರ್ ತಾವೇ ಹಳೆಯದನ್ನು ಅಳಿಸಿ ನಡೆಸಿದರು. ಅಫ್ರೋಜಳ ಹೆಸರು ಬಂತು. ನಾಳೆ ಪರೀಕ್ಷೆಗೆ ಕೂರುತ್ತಾಳೆ. ಮಾವನವರು ಈಗಷ್ಟೇ “ನಮ್ಮ ವೆಂಕೋಬಗ ನಾನ ಹೇಳ್ತೀನಿ, ನೀ ಬರೀಬ್ಯಾಡ” ಅಂದರು. ಭಾನುವಾರ ಫೋನಿನಲ್ಲಿ ಅವರು ಹೇಳುವಾಗ ನಗಬೇಡಿ. ಮೊದಲ ಸಲ ಕೇಳುತ್ತಿರುವವರ ಹಾಗೆ ಕೇಳಿ.