ಸೀಸವಿಲ್ಲದ ಗ್ರೀಸು

ನವನಗರ, ಬಾಗಲಕೋಟೆ
೯ ಮಾರ್ಚ್ ೨೦೨೪

ಶಿವಪ್ರಕಾಶ ಅವರಿಗೆ ಭುವನೇಶ್ವರಿಯ ಶರಣು.

ನಾವು ಬೇರೆಯಾಗುವ ಅರ್ಜಿಗೆ ನೀವು ಸಹಿ ಹಾಕಿ ಕಳಿಸಿದ್ದು ವಕೀಲರಿಗೆ ಮುಟ್ಟಿದೆ. ಕೇಳಿದವಳು ನಾನು, ಒಂದು ಮಾತೂ ಆಡದೆ ಒಪ್ಪಿದವರು ನೀವು. ಇನ್ನು ನನ್ನ ಸಹಿಯೊಂದೇ ಬಾಕಿ. ಗುರುವಾರ ಬರಲು ಹೇಳಿದ್ದರು. ಅಂದೇ ಮನೆಯ ಬೋರ್‌ವೆಲ್ಲಿನ ಮೋಟಾರು ಸುಟ್ಟಿತು.

ಅದನ್ನು ಎತ್ತಲು ಕಮತಗಿಯ ಮುಕ್ತಾರ ಬಂದ. ಇಷ್ಟು ವರ್ಷ ನೀರಿನಲ್ಲಿದ್ದ ಪೈಪುಗಳು ತುಕ್ಕು ಹಿಡಿದು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ, ಕೊಯ್ಯದೆ ಗತಿಯಿಲ್ಲ ಎಂದು ಗರಗಸ ತೆಗೆದಿಟ್ಟುಕೊಂಡೇ ಶುರುಮಾಡಿದ. ಮೊದಲ ಜೋಡಣೆಗೆ ಪಾನಾ ಹಾಕಿ ಜಗ್ಗಿದ್ದೇ ತಡ, ಅದು ಸರಕ್ಕನೆ ತಿರುಗಿತು. ಅವನು ಹಿಂದಕ್ಕೆ ಬೀಳುವುದರಲ್ಲಿದ್ದ. “ಅಕ್ಕಾರ, ಇದನ್ನ ಯಾರು ಇಳಿಸ್ಯಾರ್ರಿ? ನಾವು ಸುತಳಿ ಸುತ್ತಿ, ಬಣ್ಣ ಹೊಡದು, ಸಾಕಾಗೂಮಟ ಬಿಗೀತೀವ್ರಿ. ನೀರೇನೋ ಸೋರೂದಿಲ್ಲ, ಆಮ್ಯಾಲೆ ಬಿಚ್ಚಾಕೂ ಬರೂದಿಲ್ಲ” ಎಂದ. ನಮ್ಮ ಮನೆಯವರು ಎಂದೆ. ಬೇರೆ ಶಬ್ದ ತಕ್ಷಣ ಸಿಗಲಿಲ್ಲ.

ಹೊರಸಿನ ಮೇಲೆ ಕುಳಿತಿದ್ದ ನಿಮ್ಮವ್ವ ನಕ್ಕರು: “ಬಾಯಿ ಬಿಚ್ಚಲಾರದ ಮಗಾ, ಪೈಪರೆ ಬಿಚ್ಚೂಹಂಗ ಮಾಡ್ಯಾನಲ್ಲ!”

ನೀವು ಆ ಪೈಪುಗಳನ್ನು ಇಳಿಸಿದ ರಜೆ ನೆನಪಿದೆ. ರಾಜಮಹೇಂದ್ರಿಯ ಎಣ್ಣೆಬಾವಿಗಳ ಕೆಲಸದಿಂದ ಬಂದವರು ದಿನವಿಡೀ ಹಿತ್ತಲಲ್ಲಿ ಕುಳಿತು, ಒಂದೊಂದು ಪೈಪಿನ ತುದಿಯ ಥ್ರೆಡ್ಡನ್ನೂ ಬ್ರಶ್ಶಿನಿಂದ ಉಜ್ಜಿ, ಗೆರೆಗೆರೆಗೂ ಗ್ರೀಸು ತುಂಬಿದಿರಿ. “ಮನಿಗೆ ಬಂದರೂ ಗ್ರೀಸೇ. ನಾ ಒಂದು ಪೈಪರೆ ಆಗಬೇಕಿತ್ತು” ಎಂದಿದ್ದೆ. ನೀವು ತಲೆಯೆತ್ತದೆ, “ಕುಡಿಯೂ ನೀರು” ಎಂದಿರಿ. ನನಗೆ ಅದು ಉತ್ತರವೆನಿಸಲಿಲ್ಲ.

ಮುಕ್ತಾರ ಕೇಳಿದನೆಂದು ಅಟ್ಟದಿಂದ ಆ ಗ್ರೀಸಿನ ಡಬ್ಬಿ ಇಳಿಸಿ, ಅದರ ಮೇಲಿನ ಅಕ್ಷರಗಳನ್ನು ಮೊದಲ ಸಲ ಓದಿದೆ. ಎಣ್ಣೆಬಾವಿಯ ಗ್ರೀಸಿನಲ್ಲಿ ಸೀಸದ ಪುಡಿ ಇರುತ್ತದೆ, ಅದು ಹೊಟ್ಟೆಗೆ ಹೋದರೆ ವಿಷ ಎಂದು ನೀವೇ ಹಿಂದೊಮ್ಮೆ ಹೇಳಿದ್ದಿರಿ. ಇದು ಸೀಸವಿಲ್ಲದ್ದು, ಕುಡಿಯುವ ನೀರಿನ ಬಾವಿಗೆಂದೇ ಮಾಡಿದ್ದು. ಕೆಲಸದಲ್ಲಿ ಉಳಿದದ್ದನ್ನು ತಂದಿದ್ದೀರಿ ಎಂದೇ ನಾನು ತಿಳಿದಿದ್ದೆ. ನೀವು ಅದನ್ನು ಮನೆಗೆಂದೇ ಹುಡುಕಿ, ದುಡ್ಡು ಕೊಟ್ಟು ತಂದಿದ್ದಿರಿ.

ಹೊಸ ಮೋಟಾರು ಇಳಿದಿದೆ. ನೀರು ತಿಳಿಯಾಗಿ ಬರುತ್ತಿದೆ. ನಿಮ್ಮವ್ವನ ಮಂಡಿನೋವು ಕಡಿಮೆಯಾಗಿದೆ. ಬೇರೆ ವಿಶೇಷವಿಲ್ಲ.

ಇಷ್ಟೇ,
ಭುವನೇಶ್ವರಿ

ತಾ.ಕ.: ಡಬ್ಬಿಯಲ್ಲಿದ್ದ ಗ್ರೀಸು ಸಾಲಲಿಲ್ಲ. ಉಳಿದ ಮೂರು ಪೈಪುಗಳಿಗೆ ಮುಕ್ತಾರ ಬಣ್ಣ ಹೊಡೆಯಲು ಹೊರಟಾಗ ಬೇಡವೆಂದೆ. ಅವು ಹಿತ್ತಲ ಗೋಡೆಗೆ ಒರಗಿವೆ. ಮೋಟಾರು ಮೂರು ಪೈಪಿನಷ್ಟು ಮೇಲೆಯೇ ನಿಂತಿದೆ. ಬೇಸಿಗೆಯಲ್ಲಿ ನೀರು ಕೆಳಗಿಳಿಯುವ ಮೊದಲು ಅವನ್ನು ಕೂಡಿಸಬೇಕು. ಆ ಗ್ರೀಸು ಇಲ್ಲಿ ಸಿಗುವುದಿಲ್ಲ. ತಂದು ನೀವೇ ಹಚ್ಚಿರಿ. ವಕೀಲರಲ್ಲಿಗೆ ನಾನು ಹೋಗಿಲ್ಲ.