ಊರು ನಮ್ಮನ್ನು ಏನೆಂದುಕೊಂಡಿದೆ

ಸಂಘದ ಮನೆ, ಎರಡನೇ ಮಹಡಿ
ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ತಂಗೀ,

ಹೇಗಿದ್ದೀಯೆ? ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿತ್ತಲ್ಲ, ಈಗ ಕಡಿಮೆಯೇ? ಪತ್ರಿಕೆಯಲ್ಲಿ ಬಂದ ನಿನ್ನ ಸಂದರ್ಶನದ ಫೋಟೋದಲ್ಲಿ ಕೆನ್ನೆ ತುಂಬಿಕೊಂಡಂತೆ ಕಂಡಿತು. ಕೂದಲು ಕತ್ತರಿಸಿಕೊಂಡಿದ್ದೀಯೆ, ನಿನಗೆ ಒಪ್ಪುತ್ತದೆ. ಆ ಸಂದರ್ಶನವನ್ನು ಕತ್ತರಿಸಿ ಹಾಳೆಗೆ ಅಂಟಿಸಿದವಳು ನಾನೇ. ಸಂಘದ ಬಗ್ಗೆ ಎಲ್ಲಿ ಏನು ಅಚ್ಚಾದರೂ ಫೈಲಿಗೆ ಸೇರಿಸುವುದು ಈಗ ನನ್ನ ಕೆಲಸ. ನಾನು ಚೆನ್ನಾಗಿದ್ದೇನೆ. ಊಟ, ನಿದ್ದೆ ಎಲ್ಲ ಆಗುತ್ತಿದೆ.

ನೀನು ಪತ್ರಿಕೆಯವರ ಮುಂದೆ ಬಾಯಿಬಿಟ್ಟ ಮೇಲೆ ಹಿರಿಯಣ್ಣನವರು ಎಲ್ಲರನ್ನೂ ಪ್ರಾರ್ಥನೆಯ ಕೋಣೆಗೆ ಕರೆದರು. “ಊರಿಗೆ ಊರೇ ನಮ್ಮ ಮೇಲೆ ಹಲ್ಲು ಮಸೀತಿದೆ” ಅಂದರು. ಹಾಗೆ ಹೇಳುವಾಗ ಅವರ ಮುಖ ಹೇಗೆ ಅರಳುತ್ತದೆ, ನಿನಗೆ ಗೊತ್ತಲ್ಲ. ದ್ವೇಷ ಎಷ್ಟಿದೆ ಎಂದು ಮನೆಮನೆಗೆ ಹೋಗಿ ಬರೆದುಕೊಂಡು ಬರಲು ನನ್ನನ್ನೂ ಟೈಲರಕ್ಕನನ್ನೂ ಕಳಿಸಿದರು. ನಾವು ಯಾರೆಂದು ಹೇಳಕೂಡದು. ಅದಕ್ಕೇ ಬಿಳಿ ಬಟ್ಟೆ ತೆಗೆದಿಟ್ಟು, ನಾವೆಲ್ಲ ಸಂಘ ಸೇರುವಾಗ ಹಾಕಿಕೊಂಡು ಬಂದಿದ್ದ ಹಳೆಯದನ್ನೆಲ್ಲ ಬಿಚ್ಚಿ ಅವಳು ಹೊಲಿದ ಹೊರಗಿನವರ ಬಟ್ಟೆ ಹಾಕಿಕೊಂಡೆವು. ನನ್ನದು ಕಂಕುಳಲ್ಲಿ ಬಿಗಿ, ಅವಳದು ಗೋಣಿಚೀಲ.

ನಾಲ್ಕು ದಿನ, ಇನ್ನೂರು ಬಾಗಿಲು. ಮೊದಲ ಬಾಗಿಲಲ್ಲಿ ಮೆಕ್ಯಾನಿಕ್ ಒಬ್ಬ ಕೈ ಒರೆಸಿಕೊಳ್ಳುತ್ತ, “ಆ ಬಿಳಿ ಗೇಟಾ? ಹಾಸ್ಟೆಲ್ ಅಲ್ವಾ ಅದು?” ಅಂದ. ಮುಂದಿನ ಮನೆಯವರು ಗೋದಾಮು ಅಂದುಕೊಂಡಿದ್ದರು. ಇನ್ನೊಬ್ಬಾಕೆ, “ಗೇಟ್ ಮುಂದೆ ಗಾಡಿ ನಿಲ್ಲಿಸಿದ್ರೆ ಬೈತಾರೆ, ಅಷ್ಟೇ ಗೊತ್ತು” ಅಂದಳು. ಮೂರನೇ ದಿನ ಟೈಲರಕ್ಕನಿಗೆ ತಡೆಯಲಾಗಲಿಲ್ಲ. “ಸ್ವಲ್ಪ ನೆನಪು ಮಾಡ್ಕೊಳ್ಳಿ, ಒಂಚೂರಾದ್ರೂ ಕೋಪ ಇಲ್ವಾ?” ಎಂದು ಒಬ್ಬ ಮುದುಕನನ್ನು ಗೋಗರೆದಳು. ನೀನಿದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದೆ. ನನಗೆ ನಗು ಬರಲಿಲ್ಲ.

ಔಷಧಿ ಅಂಗಡಿಯಾಕೆಗೆ ಮಾತ್ರ ಸಂಘ ಗೊತ್ತಿತ್ತು. “ಅಲ್ಲಿಂದ ಒಬ್ಬಳು ಕದ್ದುಮುಚ್ಚಿ ಬಂದು ಅಮ್ಮನಿಗೆ ಹೃದಯದ ಮಾತ್ರೆ ಒಯ್ತಿದ್ಲು. ಆಮೇಲೆ ಬರೋದೇ ನಿಂತೋಯ್ತು. ಅವರಮ್ಮ ಹುಷಾರಾದ್ರಾ, ನಿಮಗೇನಾದ್ರೂ ಗೊತ್ತಾ?” ಎಂದು ಕೇಳಿದಳು. ಗೊತ್ತಿಲ್ಲ ಅಂದೆ. ಔಷಧಿ ಕೂಡದೆಂಬ ನಿಯಮ ಮುರಿದೆಯೆಂದು ನಿನ್ನನ್ನು ಗೇಟಿನಲ್ಲಿ ಹಿಡಿದು ಹೊರಹಾಕಿದ್ದು, ಆಮೇಲೆ ಹತ್ತೇ ದಿನಕ್ಕೆ ಅಮ್ಮ ತೀರಿಕೊಂಡದ್ದು, ಒಂದೂ ಬಾಯಿಗೆ ಬರಲಿಲ್ಲ. ಹಾಳೆಯಲ್ಲಿ ‘ಅಭಿಪ್ರಾಯವಿಲ್ಲ’ ಎಂದು ಬರೆದುಕೊಂಡೆ.

ಹಿರಿಯಣ್ಣನವರು ಹಾಳೆಗಳನ್ನು ಎರಡು ಸಲ ತಿರುವಿದರು. ಊರವರು ಬೈದಿದ್ದರೆ ಅವರ ಮುಖ ಅಷ್ಟು ಸಪ್ಪಗಾಗುತ್ತಿರಲಿಲ್ಲ. “ಗೊತ್ತಿಲ್ಲ ಅಂದ್ರೂ ಅದು ದ್ವೇಷಾನೇ. ಬಾಯಿಬಿಟ್ಟು ಹೇಳೋ ಧೈರ್ಯ ಇಲ್ಲ ಅವರಿಗೆ. ಹಾಗೇ ಬರಿಯಮ್ಮಾ” ಅಂದರು. ಬರೆದೆ. ಮರುದಿನ ಅದನ್ನು ಎಲ್ಲರ ಮುಂದೆ ಓದಿದಾಗ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಆ ಬಾಗಿಲುಗಳಲ್ಲಿ ತಾನೇ ನಿಂತಿದ್ದ ಟೈಲರಕ್ಕನೂ ಅತ್ತಳು. ನಾನೂ ಕೈಮುಗಿದು ನಿಂತಿದ್ದೆ. ಏನೂ ಅನ್ನಿಸಲಿಲ್ಲ.

ಯಾರೂ ನಿನ್ನ ಹೆಸರೆತ್ತುವುದಿಲ್ಲ. ಆದರೆ ಹಳೆಯ ಬಟ್ಟೆ ಬಿಚ್ಚುವಾಗ ಟೈಲರಕ್ಕ ನಿನ್ನದಕ್ಕೆ ಕತ್ತರಿ ಹಾಕಲಿಲ್ಲ. ಹೊತ್ತಿಗೆ ಸರಿಯಾಗಿ ತಿನ್ನು, ತಂಗಾಳಿಗೆ ಮೈಯೊಡ್ಡಬೇಡ. ನಿನಗೆ ಒಳ್ಳೆಯದೇ ಆಗಲಿ.

ನಿನ್ನ
ಅಕ್ಕ

ಮರೆತಿದ್ದೆ: ಭಾನುವಾರದ ಪತ್ರಿಕೆಯಲ್ಲಿ ನಿನ್ನ ಸಂದರ್ಶನಕ್ಕೆ ಉತ್ತರ ಬರುತ್ತದೆ. ಅಮ್ಮನೇ ಮಾತ್ರೆ ಬೇಡ ಅಂದಳು, ನೀನು ಹೇಳಿದ್ದೆಲ್ಲ ಸುಳ್ಳು ಎಂದು. ಕೆಳಗೆ ನನ್ನ ಸಹಿ ಇರುತ್ತದೆ. ಅಮ್ಮ ಬೇಡ ಅನ್ನಲಿಲ್ಲ. ನೀನು ಹೋದ ಮೇಲೆ ಎರಡು ಸಲ ನನ್ನ ಹತ್ತಿರ ಕೇಳಿದಳು. ಪ್ರಾರ್ಥನೆ ಮಾಡು ಅಂದೆ. ಈ ಪತ್ರವನ್ನು ಪತ್ರಿಕೆಯವರಿಗೆ ಕೊಡು. ಅಕ್ಷರ ನನ್ನದೇ ಎಂದು ಹೇಳು.